ಒಂದೂವರೆಗೆ ಬರುವ ಪಟ್ಟಿ

ಮುಂಬೈ ಫೋರ್ಟಿನ ಆ ಆಫೀಸಿಗೆ ನಾನು ಕಸ ಗುಡಿಸಲು ಸೇರಿದವಳು. ಗಂಡ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಅಡಿಗೆಗೆ ಇದ್ದ. ಅವನು ಸತ್ತ ಮೇಲೆ ಹೋಟೆಲಿನ ಧಣಿಗಳೇ ಹೇಳಿ ಈ ಕೆಲಸ ಕೊಡಿಸಿದರು. ಎಂಬತ್ತರ ದಶಕದ ಕೊನೆಯ ಮಾತು. ಕುರ್ಲಾದ ಚಾಳಿನಿಂದ ಹೊರಟು ಲೋಕಲ್ ಹಿಡಿದರೆ ಎಂಟೂವರೆಗೆ ಆಫೀಸು. ಮೂರನೇ ಮಾಳಿಗೆಯಲ್ಲಿ ಕಂಪ್ಯೂಟರಿನ ಕೋಣೆ. ಚಪ್ಪಲಿ ಹೊರಗೆ ಬಿಡಬೇಕು. ಕಿಟಕಿ ಇಲ್ಲ, ಹಗಲಿಗೂ ಟ್ಯೂಬ್‌ಲೈಟು. ನಮ್ಮ ಚಾಳಿನಲ್ಲಿ ಮನುಷ್ಯರಿಗೆ ಫ್ಯಾನಿಲ್ಲ, ಇಲ್ಲಿ ಮಿಷನಿಗೆ ಏಸಿ. ಮೇ ತಿಂಗಳಲ್ಲೂ ನಾನು ಸೆರಗು ಹೊದ್ದುಕೊಂಡೇ ನೆಲ ಒರೆಸುತ್ತಿದ್ದೆ.

ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂತು. ಪ್ರಿಂಟರಿನಿಂದ ಬರುವ ಅಗಲದ ಕಾಗದದ ತೂತಿನ ಅಂಚು ಹರಿದು, ಮೇಲಿನ ಹೆಸರು ನೋಡಿ ಕಪಾಟಿನಲ್ಲಿ ಜೋಡಿಸುವುದು. ನಾನು ಓದಿದ್ದು ಊರಿನಲ್ಲಿ ಎರಡನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕಲಿತದ್ದು ಸ್ಟೇಷನ್ನಿನ ಬೋರ್ಡು ನೋಡಿ, ಅಲ್ಲಿ ಇರುವುದೆಲ್ಲ ದೊಡ್ಡ ಅಕ್ಷರ. ಕಾಗದದಲ್ಲಿ ಚಿಕ್ಕವು ಕಂಡಾಗ ಅವು ಬೇರೆಯೇ ಅಕ್ಷರ ಎಂದುಕೊಂಡೆ. ಕನ್ನಡದಲ್ಲಿ ಅ ಎಂದರೆ ಅ, ಅದಕ್ಕೆ ದೊಡ್ಡದು ಚಿಕ್ಕದು ಎಂದು ಇಲ್ಲವಲ್ಲ. ಹಾಗಾಗಿ ದೊಡ್ಡ ಅಕ್ಷರದ ಹೆಸರಿನವು ಮೇಲಿನ ಹಲಗೆಗೆ, ಚಿಕ್ಕ ಅಕ್ಷರದವು ಕೆಳಗಿನ ಹಲಗೆಗೆ ಹೋದವು.

ಅಲ್ಲಿ ಬೆಂಗಳೂರಿನ ಕಡೆಯ ಹಿರಿಯ ಸರ್ ಒಬ್ಬರಿದ್ದರು. ಅದನ್ನು ನೋಡಿ ನಕ್ಕರು. ನಾನು ಮಾಡಿದ್ದೇ ಸರಿ, ಮಿಷನಿಗೂ ಅವು ಬೇರೆ ಬೇರೆ ಅಕ್ಷರವೇ, ಹಾಗೇ ಇರಲಿ ಎಂದರು. ಪ್ರೋಗ್ರಾಂ ಎಂದರೇನು ಎಂದೂ ಅವರೇ ಹೇಳಿದ್ದು. ಅದು ಒಂದೇ ಉದ್ದದ ಬರಹವಲ್ಲವಂತೆ, ಸಾವಿರಾರು ತುಂಡು, ಒಂದೊಂದಕ್ಕೂ ಒಂದು ಹೆಸರು. ಯಾವ ತುಂಡು ಎಲ್ಲಿದೆ, ಎಷ್ಟನೇ ಸಾಲಿನಲ್ಲಿದೆ ಎಂದು ಪಟ್ಟಿ ಇರಬೇಕು. ಆ ಪಟ್ಟಿಯನ್ನು ತಾನೇ ಮಾಡಿಕೊಳ್ಳುವ ಪ್ರೋಗ್ರಾಂ ಒಂದನ್ನು ಈ ಸರ್ ಬರೆದಿದ್ದರು. ದಿನಾ ಮಧ್ಯಾಹ್ನ ಒಂದೂವರೆಗೆ, ಎಲ್ಲರೂ ಊಟಕ್ಕೆ ಇಳಿದ ಹೊತ್ತಿನಲ್ಲಿ, ಅದು ಪಟ್ಟಿಯನ್ನು ಹೊಸತು ಮಾಡುತ್ತಿತ್ತು. ಅಂದು ಹೊಸದಾಗಿ ಸೇರಿದ ಹೆಸರುಗಳನ್ನು ಒಂದು ಹಾಳೆಯಲ್ಲಿ ಪ್ರಿಂಟು ಹೊಡೆಯುತ್ತಿತ್ತು. ತುಂಡಿನ ಹೆಸರಿನ ಪಕ್ಕ ಅದನ್ನು ಬರೆದವರ ಇನಿಷಿಯಲ್ಲು, ಎರಡಕ್ಷರ. ಆ ಹಾಳೆ ಹರಿದು ಸರ್ ಮೇಜಿನ ಪಕ್ಕದ ಗೂಡಿಗೆ ಇಡುವುದು ನನ್ನ ಕೆಲಸ.

ಆಮೇಲೆ ಪುಣೆಯಿಂದ ಹೊಸ ಸರ್ ಬಂದರು. ಅವರು ತಮ್ಮದೇ ಒಂದು ಪಟ್ಟಿ ಪ್ರೋಗ್ರಾಂ ತಂದಿದ್ದರು, ಅದರಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಒಟ್ಟಿಗೆ ಕಲಸಿಕೊಂಡು ಬರುತ್ತಿತ್ತು. ಇವರ ಪಟ್ಟಿ ಅವರ ಪ್ರೋಗ್ರಾಮಿಗೆ ಓದಲು ಆಗದು, ಅವರದ್ದು ಇವರಿಗೆ ಆಗದು. ಆಫೀಸಿನಲ್ಲಿ ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಇಬ್ಬರೂ ವಿದ್ಯಾವಂತರು, ಬೈಯಲಿಲ್ಲ. ಒಬ್ಬರು ಚಹಾ ಕುಡಿಯಲು ಬಂದರೆ ಇನ್ನೊಬ್ಬರು ಎದ್ದು ಹೋಗುತ್ತಿದ್ದರು, ಅಷ್ಟೇ.

ಒಂದು ಬೆಳಿಗ್ಗೆ ನೆಲ ಒರೆಸುತ್ತ ಹಿರಿಯ ಸರ್ ಮೇಜಿನ ಹತ್ತಿರ ಬಂದೆ. ಕಾಲು ಎತ್ತಿ ಸರ್ ಎಂದೆ. ಎತ್ತಲಿಲ್ಲ. ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡು ಕಾಲಿನ ಸುತ್ತ ಒರೆಸಿ ಮುಂದೆ ಹೋದೆ. ಅವರು ಸತ್ತು ಎಷ್ಟು ಹೊತ್ತಾಗಿತ್ತೋ, ನಾನು ಬಕೆಟ್ಟಿನ ನೀರು ಚೆಲ್ಲಿ ಬರುವಾಗ ಜನ ಸೇರಿದ್ದರು. ಹೃದಯ ನಿಂತಿತಂತೆ. ಅಂದೂ ಒಂದೂವರೆಗೆ ಹಾಳೆ ಬಂತು. ಹರಿದೆ, ಗೂಡಿಗೆ ಇಟ್ಟೆ. ಮರುದಿನವೂ ಬಂತು. ನಿಲ್ಲಿಸು ಎಂದು ನನಗೆ ಯಾರೂ ಹೇಳಲಿಲ್ಲ.

ವಾರದೊಳಗೆ ಅವರ ಕೆಲಸಕ್ಕೆ ಒಬ್ಬ ಹುಡುಗಿ ಬಂದಳು. ಮೈಸೂರಿನವರು, ಮನೆ ಗೋರೆಗಾಂವ್, ತಂದೆ ಬ್ಯಾಂಕಿನಲ್ಲಿ. ನನ್ನನ್ನು ಅಮ್ಮ ಎನ್ನುತ್ತಿದ್ದಳು. ಆರು ತಿಂಗಳು ನೋಡಿ ಕಾಯಂ ಮಾಡುವುದು ಎಂದು ಮಾತು. ಕಾಯಂ ಆಗದಿದ್ದರೆ ಮದುವೆಗೆ ಒಪ್ಪಬೇಕು ಎಂದು ತಂದೆ ಮಾತು ತೆಗೆದುಕೊಂಡಿದ್ದರು. ಗಂಡು ಗೊತ್ತಾಗಿಯೂ ಇತ್ತು. ಅವನ ಫೋಟೋ ತೋರಿಸಿದಳು. ಹುಡುಗ ಚೆನ್ನಾಗಿಯೇ ಇದ್ದಾನಲ್ಲ ಎಂದೆ. ಚೆನ್ನಾಗಿದ್ದರೆ ನೀವೇ ಮಾಡಿಕೊಳ್ಳಿ ಎಂದಳು.

ಈಗ ಆಫೀಸಿಗೆಲ್ಲ ಹೊಸ ಸರ್ ಪಟ್ಟಿಯೇ. ಹಳೆಯ ಕೆಲವು ಪ್ರೋಗ್ರಾಮಿಗೆ ಮಾತ್ರ ಸತ್ತವರ ಪಟ್ಟಿ ಬೇಕಿತ್ತು. ಎರಡನ್ನೂ ನೋಡಿಕೊಳ್ಳುವುದು ಹುಡುಗಿಯ ತಲೆಗೆ ಬಂತು. ಬೆಳಿಗ್ಗೆ ಎಲ್ಲ ಸರಿ ಇರುತ್ತಿತ್ತು. ಊಟ ಮಾಡಿ ಬಂದು ಯಾವುದಾದರೂ ತುಂಡಿನ ಹೆಸರು ಹೊಡೆದು ಕೇಳಿದರೆ ಮಿಷನು ಅಂಥದ್ದು ಇಲ್ಲ ಎನ್ನುತ್ತಿತ್ತು. ಬೆಳಿಗ್ಗೆ ಸಿಕ್ಕಿದ್ದು ಮಧ್ಯಾಹ್ನ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಇದೆ. ಸತ್ತವರು ತಮ್ಮ ತುಂಡು ತಾವು ಅಡಗಿಸುತ್ತಾರೆ ಎಂದು ಜನ ಮೊದಲು ತಮಾಷೆಗೆ ಹೇಳಿದರು. ಆಮೇಲೆ ತಮಾಷೆ ನಿಂತಿತು. ಊಟವಾದ ಮೇಲೆ ಆ ಕೋಣೆಗೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು.

ಹೊಸ ಸರ್ ದೆವ್ವ ನಂಬುವವರಲ್ಲ, ಹುಡುಗಿ ಕೆಡಿಸುತ್ತಿದ್ದಾಳೆ ಎಂದರು. ಆರು ತಿಂಗಳಲ್ಲಿ ಅವಳು ಸ್ವಂತ ಬರೆದದ್ದು ಎಷ್ಟು, ಸತ್ತವರದ್ದನ್ನು ನಕಲು ಹೊಡೆದದ್ದು ಎಷ್ಟು, ಶನಿವಾರದೊಳಗೆ ತೋರಿಸಬೇಕು, ಇಲ್ಲದಿದ್ದರೆ ಬರುವುದು ಬೇಡ ಎಂದರು. ಅಂದು ಅವಳು ಊಟಕ್ಕೆ ಇಳಿಯಲಿಲ್ಲ. ಹಿರಿಯ ಸರ್ ಮೇಜಿಗೆ ತಲೆ ಇಟ್ಟು ಕೂತಿದ್ದಳು. ನಾನು ಗುಡಿಸುತ್ತಿದ್ದೆ. ಒಂದೂವರೆಗೆ ಪ್ರಿಂಟರು ಕೊರ್ ಎಂದಿತು.

ಅವಳು ಎದ್ದು ಗೋಡೆಗೆ ಒರಗಿ ನಿಂತಳು. ಕೋಣೆಯಲ್ಲಿ ಇಬ್ಬರೇ, ಮಿಷನು ಮುಟ್ಟಿದವರು ಯಾರೂ ಇಲ್ಲ. ಕಾಗದ ಮೆಲ್ಲಗೆ ಮೇಲೆ ಬಂತು.

"ಹೆದರಬೇಡ ಮಗಾ, ಅದು ದಿನಾ ಬರ್ತದೆ," ಎಂದೆ.

"ಯಾವಾಗಿಂದ?"

"ಸರ್ ಇದ್ದಾಗಿಂದ."

"ಅವರು ಹೋಗಿ ಆರು ತಿಂಗಳಾಯ್ತಲ್ಲ ಅಮ್ಮ."

"ಹೋದದ್ದು ಹೌದು. ಅದಕ್ಕೆ ಯಾರು ಹೇಳಿದ್ದಾರೆ?"

ಹಾಳೆ ಹರಿದು ಕೊಟ್ಟೆ. ಅವಳು ಓದಿದಳು, ಮತ್ತೆ ಓದಿದಳು. ಮೂರು ಹೆಸರು ಇದ್ದವು. ಪಕ್ಕದಲ್ಲಿ ಮೂರಕ್ಕೂ ಸತ್ತವರ ಎರಡಕ್ಷರ.

"ಇವು ನಾನು ನಿನ್ನೆ ಬರೆದದ್ದು," ಎಂದಳು. "ಅವರ ಹೆಸರಲ್ಲಿವೆ."

ಗೂಡಿನಿಂದ ಕಟ್ಟು ತೆಗೆದು ಮುಂದೆ ಇಟ್ಟೆ. ಸತ್ತ ದಿನದಿಂದ ಈಚೆಗಿನ ಒಂದೊಂದು ಹಾಳೆಯೂ ಇತ್ತು. ಆರು ತಿಂಗಳು ಅವಳು ಕೂತು ಬರೆದದ್ದೆಲ್ಲ ಆ ಹಾಳೆಗಳಲ್ಲಿ ಸತ್ತವರು ಬರೆದದ್ದಾಗಿ ಕೂತಿತ್ತು.

ಸಂಜೆಯೊಳಗೆ ಅವಳು ಹುಡುಕಿದಳು. ತುಂಡಿನ ತಲೆಯಲ್ಲಿ ಬರೆದವರ ಅಕ್ಷರ ಇಲ್ಲದಿದ್ದರೆ ಹಿರಿಯ ಸರ್ ಪ್ರೋಗ್ರಾಂ ತನ್ನ ಯಜಮಾನರ ಅಕ್ಷರವನ್ನೇ ತುಂಬುತ್ತಿತ್ತು. ಹೊಸಬಳು, ಹೆಸರು ಹಾಕಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ತುಂಡು ಕಾಣೆಯಾಗುವುದಕ್ಕೂ ಕಾರಣ ಆ ಪ್ರೋಗ್ರಾಮೇ. ಎರಡು ಪ್ರೋಗ್ರಾಮೂ ತಮ್ಮ ಪಟ್ಟಿಯನ್ನು ಒಂದೇ ಹೆಸರಿನಲ್ಲಿ ಇಡುತ್ತಿದ್ದವು. ಬೆಳಿಗ್ಗೆ ಹೊಸ ಸರ್ ಪಟ್ಟಿ, ಒಂದೂವರೆಗೆ ಅದರ ಮೇಲೆ ಸತ್ತವರ ಪಟ್ಟಿ. ಹೊಸ ಸರ್ ಪ್ರೋಗ್ರಾಂ ಹೆಸರು ಹುಡುಕುವುದು ಹೇಗೆಂದರೆ, ಪಟ್ಟಿಯನ್ನು ನಡುವೆ ತೆರೆದು, ಬೇಡದ ಅರ್ಧ ಬಿಟ್ಟು, ಉಳಿದದ್ದನ್ನು ಮತ್ತೆ ಅರ್ಧ ಮಾಡುವುದು. ಸತ್ತವರ ಪಟ್ಟಿಯಲ್ಲಿ ದೊಡ್ಡ ಅಕ್ಷರದವೆಲ್ಲ ಮೊದಲು, ಚಿಕ್ಕವು ಆಮೇಲೆ. ಹೀಗೆ ಸಾಲು ಅದು ತಿಳಿದಂತೆ ಇಲ್ಲದಿದ್ದರೆ, ಹೆಸರು ಇರುವ ಅರ್ಧವನ್ನೇ ಬಿಟ್ಟುಬಿಡುತ್ತದೆ. ಇದನ್ನು ನನಗೆ ಎರಡು ಸಲ ಹೇಳಬೇಕಾಯಿತು. ನನ್ನ ಎರಡು ಹಲಗೆ ತೋರಿಸಿ ಹೇಳಿದ ಮೇಲೆ ತಿಳಿಯಿತು.

ಹೊಸ ಸರ್ ಮುಖಕ್ಕೆ ಹಾಳೆ ಹಿಡಿದು ಹೇಳಿದಳು. ಅವರು ಸತ್ತವರದ್ದನ್ನು ಪೂರ್ತಿ ಅಳಿಸು ಎಂದರು. ಅಳಿಸಿದರೆ ಹಳೆಯ ಪ್ರೋಗ್ರಾಂ ನಾಳೆಯಿಂದ ಕುರುಡು, ಎರಡು ಪಟ್ಟಿಗೂ ಬೇರೆ ಹೆಸರು ಕೊಟ್ಟರೆ ಸಾಕು ಎಂದು ಅವಳು ವಾದ ಮಾಡಿದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಆಗಲಿ ಎಂದರು, ಆದರೆ ಯಾವುದು ಯಾರದ್ದು ಎಂದು ಬೇರ್ಪಡಿಸಿ ತೋರಿಸಲೇಬೇಕು ಎಂದರು. ನನ್ನ ಕಡೆ ತಿರುಗಿ, ಅಲ್ಲಿ ಕೆಲಸದವರನ್ನು ಕರೆಯುವ ಹಾಗೆ ಬಾಯಿ ಎಂದು ಕರೆದು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಹಿಂದಿಯಲ್ಲಿ ಕೇಳಿದರು. ನನ್ನನ್ನು ಯಾರು ಕೇಳಿದರು ಎಂದೆ.

ಮೂರು ದಿನ ನಾನು ಹಾಳೆ ಹಿಡಿದು ಒಂದೊಂದೇ ಅಕ್ಷರ ಕೂಗಿದೆ, ದೊಡ್ಡ ಅಕ್ಷರವನ್ನು ದೊಡ್ಡದು ಎಂದು, ಚಿಕ್ಕದನ್ನು ಚಿಕ್ಕದು ಎಂದು. ಅವಳು ತುಂಡು ತೆರೆದು ತನ್ನ ಅಕ್ಷರ ಹಾಕಿದಳು. ಸತ್ತ ದಿನದ ಹಿಂದಿನದ್ದೆಲ್ಲ ಅವರದ್ದು, ಮುಂದಿನದ್ದೆಲ್ಲ ಇವಳದ್ದು. ಗೂಡಿನ ಹಾಳೆ ಇಲ್ಲದಿದ್ದರೆ ಸತ್ತವರನ್ನೂ ಇದ್ದವಳನ್ನೂ ಬೇರ್ಪಡಿಸಲು ದಾರಿ ಇರಲಿಲ್ಲ.

ಶುಕ್ರವಾರ ಕೊನೆಗೆ ಒಂದು ಹಾಳೆ ಉಳಿಯಿತು, ಅದರಲ್ಲಿ ಒಂದೇ ಹೆಸರು. ಕೂಗಿದೆ. ಅವಳು ಮತ್ತೆ ಕೂಗಲು ಹೇಳಿದಳು. ತನ್ನದಲ್ಲ ಎಂದಳು. ತಾರೀಕು ನೋಡಿದರೆ ಸತ್ತು ಎರಡು ತಿಂಗಳಾದ ಮೇಲಿನದ್ದು, ಅದೂ ಭಾನುವಾರ. ಭಾನುವಾರ ಆಫೀಸಿಗೆ ಬೀಗ. ನನಗೆ ನೆನಪಿತ್ತು, ಸೋಮವಾರ ಬೆಳಿಗ್ಗೆ ಆ ಹಾಳೆ ಪ್ರಿಂಟರಿನಲ್ಲಿ ನೇತಾಡುತ್ತಿತ್ತು. ಬೀಗದ ಕೈ ಇಟ್ಟುಕೊಳ್ಳುವ ವಾಚ್‌ಮನ್‌ನನ್ನು ಕೇಳಿದೆವು. ಭಾನುವಾರ ಬಾಗಿಲು ತೆರೆದದ್ದೇ ಇಲ್ಲ ಎಂದ. ಹೊಸ ಸರ್ ಆ ತಿಂಗಳು ಪುಣೆಯಲ್ಲಿದ್ದರು.

ಅವಳು ಆ ತುಂಡು ತೆರೆದಳು. ಆರೇ ಸಾಲು ಇತ್ತು. ಏನು ಮಾಡ್ತದೆ ಎಂದು ಕೇಳಿದೆ.

"ಏನೂ ಮಾಡಲ್ಲ ಅಮ್ಮ. ಸುಮ್ಮನೆ ಕಾಯತ್ತೆ."

"ಯಾರಿಗೆ?"

ಅವಳು ತುಂಡಿನ ತಲೆ ತೋರಿಸಿದಳು, ಬರೆದವರ ಅಕ್ಷರದ ಜಾಗ ಖಾಲಿ ಇತ್ತು. ನಿನ್ನದೇ ಅಕ್ಷರ ಹಾಕಿ ಮುಗಿಸು, ಒಂದು ಹೆಚ್ಚಾದರೆ ನಿನಗೇ ಒಳ್ಳೆಯದು ಎಂದೆ. ಸತ್ತವರ ಹೆಸರಲ್ಲಿ ಬಿಟ್ಟರೆ, ಸತ್ತ ಮೇಲೆ ಬರೆದರೋ ಎಂದು ಸರ್ ಕೇಳುತ್ತಾರೆ, ಉಳಿದದ್ದೂ ಸುಳ್ಳಾಗುತ್ತದೆ, ನಾಳಿದ್ದು ನಿನಗೆ ಮದುವೆ ಎಂದೆ. ಅವಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ತಾರೀಕು ಇನ್ನೊಮ್ಮೆ ನೋಡಿದಳು. ಆಮೇಲೆ ಆ ತುಂಡಿನ ತಲೆಗೆ ಹಿರಿಯ ಸರ್ ಎರಡಕ್ಷರವನ್ನು ತಾನೇ ಹೊಡೆದಳು.

"ನಾನು ಬರೆಯದ್ದು ನನಗೆ ಬೇಡ," ಎಂದಳು.

ಶನಿವಾರ ಹೊಸ ಸರ್ ಹಾಳೆಗಳನ್ನು ಒಂದೊಂದಾಗಿ ನೋಡಿದರು. ನಾನು ಬೇಕೆಂದೇ ಅಲ್ಲೇ ಮೇಜು ಒರೆಸುತ್ತಿದ್ದೆ. ಭಾನುವಾರದ ಆ ಹಾಳೆಗೆ ಬಂದಾಗ ಅವರ ಬೆರಳು ನಿಂತಿತು. ತಾರೀಕು ನೋಡಿದರು, ಅಕ್ಷರ ನೋಡಿದರು. ಅವರು ತಲೆ ಎತ್ತಿ ಹುಡುಗಿಯನ್ನಲ್ಲ, ಹಿರಿಯ ಸರ್ ಕೂರುತ್ತಿದ್ದ ಕಡೆ ಒಂದು ಸಲ ನೋಡಿದರು. ಆಮೇಲೆ ಏನೂ ಕೇಳದೆ ಹಾಳೆ ಮಗುಚಿ, ಅವಳನ್ನು ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿದರು.