ನಿದ್ದೆಗೆಟ್ಟವರ ಒಪ್ಪಿಗೆ

ಹೆಣ್ಣು ನೋಡಲು ಬಂದವರು ಕೂತಲ್ಲೇ ಉತ್ತರ ಕೊಡುವುದಿಲ್ಲ. ‘ಊರಿಗೆ ಹೋಗಿ ತಿಳಿಸ್ತೀವಿ’ ಎನ್ನುತ್ತಾರೆ. ಮೊದಲೆಲ್ಲ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಇದ್ದದ್ದನ್ನು ಇದ್ದಲ್ಲೇ ಹೇಳಲು ಇವರಿಗೇನು ಮಾತಿಗೆ ಬರವೇ? ಈಗ ಮಾತ್ರ ಆ ಪದ್ಧತಿ ಮಾಡಿದ ಹಿರಿಯರಿಗೆ ಕೈಮುಗಿಯುತ್ತೇನೆ. ಊರಿಗೆ ಹೋಗುವಷ್ಟರಲ್ಲಿ ಒಂದು ರಾತ್ರಿಯ ನಿದ್ದೆಯಾದರೂ ಆಗಿರುತ್ತದಲ್ಲ.

ನಿದ್ದೆಯೇ ನನ್ನ ಹೊಟ್ಟೆಪಾಡು. ವಿಶಾಖಪಟ್ಟಣದ ಆಸ್ಪತ್ರೆಯೊಂದರ ಸ್ಲೀಪ್ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಗೊರಕೆ ಹೊಡೆಯುವವರ ತಲೆಗೆ ವೈರು ಅಂಟಿಸಿ, ಅವರು ಮಲಗಿದ ಮೇಲೆ ಎದ್ದು ಕೂತು ಪರದೆ ನೋಡುವ ಕೆಲಸ. ಅಪ್ಪ ತುಮಕೂರಿನವರು. ಬ್ಯಾಂಕಿನ ವರ್ಗಾವಣೆಯಲ್ಲಿ ಈ ಕಡೆ ಬಂದು, ನಿವೃತ್ತರಾದ ಮೇಲೆ ಭೀಮುನಿಪಟ್ಟಣದಲ್ಲೇ ಉಳಿದುಬಿಟ್ಟರು. ನನಗೆ ಜಗಳವಾಡಲು ತೆಲುಗು, ಅಮ್ಮನ ಹತ್ತಿರ ಗೋಗರೆಯಲು ಕನ್ನಡ.

ಗಂಡು ಗದಗಿನ ಕಡೆಯವರು, ವಿಜಯವಾಡದ ಪಟಮಟದಲ್ಲಿ ಬ್ಯಾಂಕ್ ಆಫೀಸರು. ಹೆತ್ತವರು ಆಮೇಲೆ ಬರುವುದೆಂದು ಮೊದಲು ಒಬ್ಬರೇ ಬಂದರು. ಬ್ಯಾಂಕಿನವರಿಗೆ ಮಾರ್ಚ್ ಕ್ಲೋಸಿಂಗ್ ಅಂದರೆ ಮದುವೆ ಮನೆಯ ಹಾಗೆ, ಯಾರೂ ಮಲಗುವಂತಿಲ್ಲ. ಅದನ್ನು ಮುಗಿಸಿ ಸೀದಾ ರೈಲು ಹತ್ತಿದವರಿಗೆ ಬರ್ತೂ ಸಿಕ್ಕಿರಲಿಲ್ಲ. ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಾಗ ಕಣ್ಣು ಕೆಂಡ, ಮುಖದ ತುಂಬ ನಗು. ನಾನೂ ಆಗಷ್ಟೇ ನೈಟ್ ಡ್ಯೂಟಿ ಮುಗಿಸಿ, ಋಷಿಕೊಂಡದ ಮೇಲೆ ಹಾದು ಬರುವ ಬಸ್ಸಿನಿಂದಿಳಿದು, ಸ್ನಾನ ಮಾಡಿ ಸೀರೆ ಉಟ್ಟಿದ್ದೆ. ದಿನ ಮುಂದೂಡಲು ಅಪ್ಪ ಒಪ್ಪಿರಲಿಲ್ಲ. ಇಲ್ಲಿನವರ ಸಹವಾಸದಿಂದ ಅವರಿಗೆ ವರ್ಜ್ಯ ನೋಡುವ ಚಟ ಹತ್ತಿತ್ತು. ಅದು ಶುಭದ ಮಾತಾಡಬಾರದ ಹೊತ್ತು. ಅದಕ್ಕೆ ಮೊದಲೇ ಎಲ್ಲ ಮುಗಿಯಬೇಕಿತ್ತು.

ಬಂದವರಿಗೆ ಕಂಡದ್ದೆಲ್ಲ ಇಷ್ಟವಾಯಿತು. ಉಪ್ಪಿಟ್ಟು ಭಾಳ ಚಲೋ, ಕಿಟಕಿಯ ಪರದೆ ಭಾಳ ಚಲೋ, ಅಪ್ಪನ ತುಕ್ಕು ಹಿಡಿದ ಸ್ಕೂಟರಂತೂ ಕೇಳಲೇಬೇಡಿ. ನಾವ್ಯಾರೂ ಎಂದೂ ನಗದ ಅಪ್ಪನ ಬ್ಯಾಂಕ್ ಜೋಕಿಗೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಯಾಕೋ ಮನಸ್ಸೆಲ್ಲ ಹಗುರವಾಗಿತ್ತು. ಇವರೇ ಆಗಲಿ ಅನ್ನಿಸಿತು. ಕಾಫಿ ಲೋಟ ಕೆಳಗಿಡುವ ಮೊದಲೇ ಅವರು, “ನನಗ ಒಪ್ಪಿಗಿ ಐತ್ರಿ” ಎಂದರು.

ಅಪ್ಪನ ಮುಖ ಊರಗಲವಾಯಿತು. ನನ್ನ ಎದೆ ಮಾತ್ರ ಧಸಕ್ಕೆಂದಿತು. ಈ ನಗು ನನಗೆ ಪರಿಚಯದ್ದು. ಆರೋಗ್ಯವಾಗಿರುವವರೂ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟರೆ, ಎಚ್ಚರವಾಗಿರಲು ಹೆಣಗುವ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಆಟ ಜೋರಾಗುತ್ತದೆ. ಆಗ ಕಂಡದ್ದೆಲ್ಲ ಚೆಂದ, ಕೇಳಿದ್ದಕ್ಕೆಲ್ಲ ಹೂಂ. ‘ತಡಿ, ಯೋಚನೆ ಮಾಡು’ ಎನ್ನಬೇಕಾದ ಹಣೆಯ ಹಿಂದಿನ ಭಾಗ ಮಾತ್ರ ತೂಕಡಿಸುತ್ತಿರುತ್ತದೆ. ಎಲ್ಲರಿಗೂ ಹೀಗೆ ಎಂದಲ್ಲ, ಕೆಲವರು ಬೆಳಿಗ್ಗೆಯಿಂದಲೇ ಸಿಡುಕುತ್ತಾರೆ. ನಕ್ಕವರೂ ಹೊತ್ತು ಇಳಿದಂತೆ ಸಿಡುಕಿಗೋ ಅಳುವಿಗೋ ತಿರುಗುವುದುಂಟು. ಸ್ಕೂಟರಿಗೂ ನನಗೂ ಒಂದೇ ಬಾಯಲ್ಲಿ ಸಿಕ್ಕ ಒಪ್ಪಿಗೆಯನ್ನು ನಂಬಿ ತಾಳಿ ಕಟ್ಟಿಸಿಕೊಳ್ಳುವುದು ಹೇಗೆ?

“ಇದು ಲೆಕ್ಕಕ್ಕಿಲ್ಲ. ಮಲಗಿ ಎದ್ದು ಹೇಳಿ,” ಎಂದೆ.

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಬಿತ್ತು. “ಹೆಣ್ಣು ನೋಡೋಕೆ ಬಂದವರು ಹೆಣ್ಣಿನ ಮನೇಲೇ ಮಲಗೋದುಂಟೇನೇ?” ಅಪ್ಪ ಗಡಿಯಾರ ತೋರಿಸಿ, “ವರ್ಜ್ಯ ಬರುತ್ತೆ ಕಣಮ್ಮಾ” ಎಂದು ಬೇಡಿಕೊಂಡರು. ನಿದ್ದೆ ಯಾರ ಪಂಚಾಂಗ ಕೇಳುತ್ತದೆ? ಬಂದವರು ಅಪ್ಪನ ಮಂಚದ ಮೇಲೆ ತಲೆಯಿಟ್ಟದ್ದೇ ತಡ, ಗೊರಕೆ ಹಾಲಿನವರೆಗೂ ಕೇಳಿತು. ಗೊರಕೆಯಲ್ಲಿ ದೋಷವಿಲ್ಲವೆಂದು ಮಾತ್ರ ಅಲ್ಲೇ ತೀರ್ಮಾನಿಸಿದೆ.

ವರ್ಜ್ಯ ಬಂತು, ಹೋಯಿತು. ಎದ್ದವರು ಬೇಡ ಎಂದರೆ? ಬಾಯಿಗೆ ಬಂದ ತುತ್ತನ್ನು ನಾನೇ ತಟ್ಟಿ ಬೀಳಿಸಿದೆನೇ? ನನಗೆ ಅವರು ಬೇಕಾಗಿದ್ದರು.

ಮಧ್ಯಾಹ್ನ ಎದ್ದು ಬಂದವರ ಮುಖದಲ್ಲಿ ನಗುವೇ ಇಲ್ಲ. ಕಾಫಿ ಗುಟುಕರಿಸಿ, “ಚಿಕೋರಿ ಜಾಸ್ತಿ ಆಗೇತಿ” ಎಂದರು. ಬೆಳಗಿನ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿತ್ತಂತೆ. ಸ್ಕೂಟರನ್ನು ಗುಜರಿಗೆ ಹಾಕಬೇಕಂತೆ. ಮುಂದಿನ ಸರದಿ ನನ್ನದೇ ಎಂದು ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡೆ.

“ಉಳಿದದ್ದೆಲ್ಲಾ ವಾಪಸ್ ತಗೋತೀನ್ರಿ,” ಎಂದರು. “ಒಪ್ಪಿಗಿ ಒಂದು ಹಂಗ ಇರ್ಲಿ.”

ನಾನು ಗೊಳೋ ಎಂದು ಅತ್ತುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. “ನಿಮ್ಮ ಕಣ್ಣು ನನಕಿಂತ ಕೆಂಪಗಾಗ್ಯಾವಲ್ರಿ. ನೀವ್ ಯಾವಾಗ ಮಲಗಿದ್ರಿ?”

ರಾತ್ರಿಯೆಲ್ಲ ಡ್ಯೂಟಿ. ಅದರ ಹಿಂದಿನ ಹಗಲು ಮನೆ ಒರೆಸಿ ಚಕ್ಕುಲಿ ಕರಿಯುವುದರಲ್ಲಿ ಕಳೆದಿತ್ತು. ಬೆಳಗಿನ ಆ ನಗು, ಈಗಿನ ಈ ಅಳು. ಪರರ ತಲೆಗೆ ಮಾತ್ರ ವೈರು ಅಂಟಿಸಿ ಗೊತ್ತಿದ್ದವಳು ನಾನು. ದೀಪದ ಬುಡದಲ್ಲೇ ಕತ್ತಲೆ.

“ಹಂಗಾದ್ರ ನಿಮ್ದೂ ಲೆಕ್ಕಕ್ಕಿಲ್ಲ. ಹೋಗಿ ಮಲಗ್ರಿ,” ಎಂದರು.

ಎಚ್ಚರವಾದಾಗ ಮರುದಿನ ಬೆಳಗಾಗಿತ್ತು. ಅವರು ಬ್ಯಾಂಕಿಗೆ ಹೋಗಬೇಕೆಂದು ಸಂಜೆಯ ರೈಲಿಗೇ ಹೊರಟುಹೋಗಿದ್ದರು. “ನಾನು ಎಬ್ಬಿಸೋಕೆ ಬಂದೆ ಕಣೇ, ಅವರೇ ಬಿಡಲಿಲ್ಲ,” ಎಂದಳು ಅಮ್ಮ. “ಉತ್ತರ ಯಾವಾಗ ಬಂದ್ರೂ ಬರ್ಲಿ, ನಿದ್ದೆ ಕೆಡಿಸಬೇಡಿ ಅಂದ್ರು. ಸದ್ದಾಗುತ್ತೆ ಅಂತ ಶೂನ ಗೇಟಿನ ತನಕ ಕೈಲಿ ಹಿಡ್ಕೊಂಡು ಹೋದ್ರು.”

ಈಗ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಅಪ್ಪನ ಜೋಕು ಎಂದಿನಂತೆ ಹಳಸಿತ್ತು. ಅಮ್ಮನ ಕಾಫಿಗೆ ಹೆಸರಿಟ್ಟವರ ಮೇಲೆ ಸಣ್ಣ ಸಿಟ್ಟೂ ಬಂತು. ಕುಡಿದು ನೋಡಿದೆ. ಚಿಕೋರಿ ನಿಜಕ್ಕೂ ಜಾಸ್ತಿಯಾಗಿತ್ತು. ಫೋನ್ ಮಾಡಿ, “ಒಪ್ಪಿಗೆ” ಎಂದೆ.

“ಮಲಗಿ ಎದ್ದು ಹೇಳಾಕತ್ತೀರೇನ್ರಿ?”

“ಹೂಂ.”

ಈಗ ನಮ್ಮ ಸಂಸಾರ ಪಟಮಟದಲ್ಲಿ, ನನ್ನ ಡ್ಯೂಟಿ ಇಲ್ಲಿನ ಆಸ್ಪತ್ರೆಯಲ್ಲಿ. ಸುಖವಾಗಿದ್ದೇನೆ. ರಾತ್ರಿ ಕೆಲಸ ಮುಗಿಸಿ ಬಂದು ಮಲಗಿದ ದಿನ, ಅವರು ಬ್ಯಾಂಕಿಗೆ ಯಾವಾಗ ಹೊರಟರೆಂದು ನನಗೆ ಗೊತ್ತೇ ಆಗುವುದಿಲ್ಲ. ಎದುರುಮನೆಯಾಕೆ ಮಾತ್ರ ನಗುತ್ತಾಳೆ: ನಿಮ್ಮ ಯಜಮಾನರು ಇವತ್ತೂ ಶೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದರು ಎಂದು.