ಕಂಬಳಿಯ ಆಚೆಯ ದನಿ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಾನು ನಗುತ್ತಿದ್ದವನು. ನಗುವುದಷ್ಟೇ ಅಲ್ಲ, ಹೇಳಿದವರು ಎದ್ದು ಹೋದಮೇಲೆ ಅವರದೇ ದನಿಯಲ್ಲಿ ಆ ಕತೆಯನ್ನು ಮತ್ತೆ ಹೇಳಿ ಉಳಿದವರನ್ನೂ ನಗಿಸುತ್ತಿದ್ದೆ. ಮಿಮಿಕ್ರಿ ನನ್ನ ಚಟ. ಪೀಣ್ಯದ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾಗ ನಾನು ಫೋರ್‌ಮನ್ ಹಾಗೆ ಒಂದು ಸಲ ಕೆಮ್ಮಿದರೆ ಸಾಕು, ಬೀಡಿ ಸೇದುತ್ತಿದ್ದವರೆಲ್ಲ ಬೀಡಿ ಆರಿಸಿ ಮೆಷಿನ್ನಿಗೆ ಓಡುತ್ತಿದ್ದರು. ನನ್ನ ಸ್ವಂತ ದನಿಯೋ, ತಗಡು ಬಡಿದ ಹಾಗೆ. ಅದಕ್ಕೇ ಕಂಡವರ ದನಿ ಎರವಲು ತರುತ್ತಿದ್ದೆನೇನೋ. ದೆವ್ವ-ಗಾಳಿಯ ಅನುಭವಗಳೆಲ್ಲ ಅಮಾವಾಸ್ಯೆಯ ರಾತ್ರಿ ಆಗಬೇಕು. ಕ್ಷಮಿಸಿ, ನನಗೆ ಆದದ್ದು ಮಧ್ಯಾಹ್ನ ಮೂರು ಗಂಟೆಗೆ, ಕಾಫಿಗೆ ಸ್ವಲ್ಪ ಮುಂಚೆ.

ಆರು ವರ್ಷದ ಹಿಂದಿನ ಮಾತು. ಹೂಡಿಯ ಆಚೆ ಒಂದು ನೀಲಗಿರಿ ತೋಪಿನಲ್ಲಿ ಸ್ಕೌಟ್ ಮಾಸ್ತರರಿಗೆ ಒಂದು ವಾರದ ತರಬೇತಿ. ಬಂದವರು ಶಾಲೆಯ ಮೇಷ್ಟ್ರುಗಳು, ಕಾರ್ಖಾನೆಯ ನೌಕರರು. ಆ ಸಲ ಹೆಂಡತಿಯರನ್ನೂ ಕರೆತರಬಹುದು ಎಂದಿದ್ದರಿಂದ ಒಂಬತ್ತು ಮಂದಿ ಹೆಂಗಸರು ಜೊತೆಗೆ ಬಂದಿದ್ದರು. ಗಂಡಂದಿರು ಹಗಲೆಲ್ಲ ಡೇರೆ ಹೊಡೆದು, ಹಗ್ಗಕ್ಕೆ ಗಂಟು ಹಾಕಿ ಬಿಚ್ಚುತ್ತ ಕೂತರೆ ಇವರು ಮಾಡುವುದೇನು? ಬೆಳಿಗ್ಗೆ ವೈರ್ ಬ್ಯಾಗ್ ಹೆಣೆಯುವುದು, ಆಮೇಲೆ ಗಾಯಕ್ಕೆ ಪಟ್ಟಿ ಕಟ್ಟುವುದು, ಒಂದು ದಿನ ವೈಟ್‌ಫೀಲ್ಡಿಗೆ ಹೋಗಿ ಹಳೇ ಬಂಗಲೆಗಳನ್ನು ನೋಡಿ ಬರುವುದು. ಮಧ್ಯಾಹ್ನ ನಗಿಸಲಿಕ್ಕೆ ಇರಲಿ ಎಂದು ಹಳೇ ಸ್ಕೌಟ್ ಆದ ನನ್ನನ್ನು ಹಿಡಿದು ತಂದಿದ್ದರು.

ನಾನೊಂದು ಆಟ ಕಂಡುಹಿಡಿದೆ. ಹೆಂಗಸರು ಕೂರುತ್ತಿದ್ದ ಶೆಡ್ಡಿನ ನಡುವೆ ಕಂಬಳಿ ಕಟ್ಟಿ ಅದರ ಹಿಂದೆ ನಿಲ್ಲುತ್ತಿದ್ದೆ. ಒಬ್ಬೊಬ್ಬ ಗಂಡನೂ ಹೆಂಡತಿಯನ್ನು ಹೇಗೆ ಕರೆಯುತ್ತಾನೋ ಹಾಗೆ ಕರೆಯುವುದು. ನಮ್ಮವರೆಲ್ಲಿ ಹೆಂಡತಿಯ ಹೆಸರು ಹೇಳುತ್ತಾರೆ? ಬರೀ ದನಿ ಕೇಳಿಯೇ ಆಕೆ ಕೈ ಎತ್ತಬೇಕು.

“ಲೇ ಇವಳೇ, ನನ್ನ ಕನ್ನಡಕ ಎಲ್ಲಿ ಬಚ್ಚಿಟ್ಟೆ?” ಎಂದೆ.

“ಅಯ್ಯೋ ಇವನ ಮನೆ ಕಾಯ, ನಮ್ಮೆಜಮಾನ್ರೇ ಕಣ್ರೀ!” ಎಂದು ಮೇಷ್ಟ್ರ ಹೆಂಡತಿ ಸರೋಜಮ್ಮ ಕಿರುಚಿದರು. “ಹಣೆ ಮೇಲೇ ಇರುತ್ತೆ, ಊರೆಲ್ಲ ಹುಡುಕ್ತಾರೆ!”

ಎಂಟು ಗಂಡಂದಿರು ಮುಗಿದರು. ಉಳಿದವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದ ನಾಗರಾಜಯ್ಯ. ಅವರು ಮಾತಾಡಿದ್ದನ್ನು ನಾಲ್ಕು ದಿನಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಏನಿದ್ದರೂ ಕೈಸನ್ನೆ, ಇಲ್ಲವೇ ಕೊರಳಲ್ಲಿದ್ದ ವಿಷಲ್. ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವ ಆಸಾಮಿ ಇರಬೇಕು ಎಂದುಕೊಂಡಿದ್ದೆ. ವಿಷಲ್ ಊದಿಯೇ ಹೆಂಡತಿಯನ್ನು ಕರೆಯುವಂತೆ ಮಾಡಿ ಆಟ ಮುಗಿಸೋಣವೆಂದು ನನ್ನ ಕೊರಳಲ್ಲಿದ್ದ ವಿಷಲನ್ನು ತುಟಿಗಿಟ್ಟು ಉಸಿರೆಳೆದುಕೊಂಡೆ.

ಊದಲಿಲ್ಲ. ವಿಷಲ್ ತುಟಿಯಿಂದ ಜಾರಿ ಎದೆಗೆ ಬಡಿಯಿತು. ನನ್ನ ಬಾಯಿಂದ ಒಂದು ದನಿ ಬಂತು. ಭಾರವಾದ, ನಿಧಾನವಾದ, ದಣಿದ ದನಿ.

“ತುಂಗೀ, ಬಾಗಿಲು ತೆಗಿ. ನಾನೇ.”

ಅಷ್ಟೇ. ನಾನು ಯಾರಿಂದಲೂ ಕದ್ದ ದನಿಯಲ್ಲ ಅದು. ಕಂಬಳಿಯ ಆ ಕಡೆ ನಗು ನಿಂತಿತು. “ಯಾರಮ್ಮಾ ಇಲ್ಲಿ ತುಂಗಿ? ಬೇರೆಯವರ ಗಂಡನ್ನೂ ಕರ್ಕೊಂಡ್ ಬಂದ್ಬಿಟ್ಟೆಯೇನೋ?” ಎಂದರು ಸರೋಜಮ್ಮ. ಯಾರೂ ಕೈ ಎತ್ತಲಿಲ್ಲವಂತೆ. ನನಗೆ ಕೇಳಿಸಿದ್ದು ಬಳೆಗಳ ಸದ್ದು, ಬೇಗಬೇಗ ಹತ್ತಿರ ಬಂದ ಹೆಜ್ಜೆ, “ಬಂದೆ, ಬಂದೆ” ಎನ್ನುವ ಮಾತು.

ಕಂಬಳಿ ಸರಿಯಿತು. ನಾಗರಾಜಯ್ಯನವರ ಹೆಂಡತಿ ರತ್ನಮ್ಮ ನಿಂತಿದ್ದರು. ಮುಖ ಅರಳಿತ್ತು. ನನ್ನನ್ನು ಕಂಡ ಮೇಲೆ ಆ ಮುಖ ಏನಾಯಿತು ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಅವರೇ ಹೇಳಿದರು. ತವರಿನಲ್ಲಿ ಅವರು ತುಂಗ. ಮದುವೆಯಲ್ಲಿ ಅತ್ತೆ ಮನೆಯವರು ಹೆಸರು ಬದಲಾಯಿಸಿ ರತ್ನ ಮಾಡಿದರು. ಹಳೇ ಹೆಸರನ್ನು ಗಂಡ ಮಾತ್ರ ಉಳಿಸಿಕೊಂಡಿದ್ದರು. ಅದೂ ಸೆಕೆಂಡ್ ಶಿಫ್ಟ್ ಮುಗಿಸಿ ಬಂದಾಗ, ಬಾಗಿಲಾಚೆ ನಿಂತು. ಈ ತರಬೇತಿಗೆ ನಾಲ್ಕು ವರ್ಷ ಮುಂಚೆ ಅವರ ಗಂಟಲಲ್ಲಿ ಗಡ್ಡೆಯೆದ್ದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಸ್ಕೌಟ್ ಸ್ಕಾರ್ಫಿನ ಕೆಳಗೆ ಹೊಲಿಗೆಯ ಗುರುತಿತ್ತು. ನಾನು ಗೇಲಿ ಮಾಡಹೊರಟದ್ದು ಅದನ್ನು.

“ಹೆಂಗಿತ್ತು ಅಂತ ನಂಗೇ ಮರೀತಾ ಇತ್ತಪ್ಪ,” ಎಂದರು ರತ್ನಮ್ಮ. “ಅವ್ರಿಗಂತೂ ಮರೆತೇ ಹೋಗಿದೆ. ಈಗ ಬರ್ತಾರೆ. ಅವ್ರ ಮುಂದೆ ಒಂದೇ ಒಂದು ಸಲ ಹೇಳ್ಬಿಡು.”

ಕಾಫಿಗೆಂದು ನಾಗರಾಜಯ್ಯ ಬಂದರು. ಹೆಂಡತಿ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಲೋಟ ಕೆಳಗಿಟ್ಟು ನನ್ನ ಬಾಯನ್ನೇ ನೋಡುತ್ತ ನಿಂತರು. ನಾನು ಮತ್ತೆ ಕಂಬಳಿಯ ಹಿಂದೆ ಹೋದೆ. ಗಂಟಲು ಸರಿಮಾಡಿಕೊಂಡು ಅದೇ ಮಾತು ಹೇಳಿದೆ. ಭಾರವನ್ನೂ ತಂದೆ, ದಣಿವನ್ನೂ ತಂದೆ. ಕೇಳಿದವರೆಲ್ಲ ಅದೇ ಎಂದರು.

“ಬಿಡಪ್ಪ,” ಎಂದರು ರತ್ನಮ್ಮ ಮೆತ್ತಗೆ. “ಇದು ನೀನು.”

ನಾಗರಾಜಯ್ಯ ಕಂಬಳಿ ಸರಿಸಿ, ಸ್ಕೌಟುಗಳ ರೀತಿಯಲ್ಲಿ ಎಡಗೈ ಚಾಚಿ ನನ್ನ ಕೈ ಕುಲುಕಿದರು. ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಕಾಫಿ ಕುಡಿಯಲಿಲ್ಲ.

ಆ ಹೆಸರು ತರಬೇತಿಯ ಅಡುಗೆಮನೆಯಲ್ಲಿ ಎಲ್ಲೋ ಕಿವಿಗೆ ಬಿದ್ದಿರಬೇಕು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಹೆಸರು ಬೀಳಬಹುದು, ದನಿ ಎಲ್ಲಿಂದ ಬೀಳುತ್ತದೆ? ಕೋಣೆಯ ಬಾಗಿಲು ಹಾಕಿಕೊಂಡು ಆ ಮಾತನ್ನು ನೂರಾರು ಸಲ ಹೇಳಿ ನೋಡಿದ್ದೇನೆ. ಫೋರ್‌ಮನ್ ಬರುತ್ತಾನೆ, ಮೇಷ್ಟ್ರು ಬರುತ್ತಾರೆ. ಆ ದನಿ ಬರುವುದಿಲ್ಲ.

ಹೋದ ವರ್ಷ ಜಾಲಹಳ್ಳಿ ಬಸ್ ಸ್ಟಾಪಿನಲ್ಲಿ ಇಬ್ಬರೂ ಸಿಕ್ಕಿದರು. ನಾಗರಾಜಯ್ಯ, ತರಬೇತಿಯಲ್ಲಿ ಹೆಂಡತಿ ಹೆಣೆದಿದ್ದ ವೈರ್ ಬ್ಯಾಗಿನಲ್ಲಿ ತರಕಾರಿ ಹಿಡಿದಿದ್ದರು. ರತ್ನಮ್ಮ ಆರೋಗ್ಯ ಕೇಳಲಿಲ್ಲ, ಮದುವೆ ಆಯಿತಾ ಎಂದೂ ಕೇಳಲಿಲ್ಲ.

“ಮತ್ತೆ ಬಂತಾ?” ಎಂದರು. ಅವರ ಗಂಡ ನನ್ನ ಬಾಯನ್ನೇ ನೋಡುತ್ತಿದ್ದರು.

“ಇಲ್ಲಮ್ಮ.”

ಬಸ್ಸು ಬಂತು. ಹತ್ತುವ ಮುಂಚೆ ರತ್ನಮ್ಮ ತಿರುಗಿ, “ಬಂದ್ರೆ ಮನೆ ಹತ್ರ ಬಂದ್ಬಿಡಪ್ಪ. ಎಷ್ಟ್ ಹೊತ್ತಾದ್ರೂ ಪರವಾಗಿಲ್ಲ,” ಎಂದರು. “ಬಾಗಿಲು ತೆಗೀತೀನಿ.”