ವುಡ್‌ಬ್ರಿಡ್ಜ್‌ನ ಬೆಚ್ಚಗಿನ ಬ್ಯಾಟರಿ

ಟೊರಾಂಟೊದಲ್ಲಿ ಇಳಿದಾಗ ಹೊರಗೆ ಮೈನಸ್ ಹದಿನೆಂಟು ಡಿಗ್ರಿ. ಅದು ೨೦೧೮ರ ಫೆಬ್ರುವರಿ. ನಾನು ಮಸ್ಕತ್‌ನ ವಿದ್ಯುತ್ ಯೋಜನಾ ಕಚೇರಿಯೊಂದರಲ್ಲಿ ಎಂಜಿನಿಯರ್. ಒಮಾನಿನಲ್ಲಿ ಕರೆಂಟು ಬರುವುದು ಹೆಚ್ಚುಕಡಿಮೆ ಎಲ್ಲ ನೈಸರ್ಗಿಕ ಗ್ಯಾಸ್ ಉರಿಸಿಯೇ. ಇನ್ನೊಂದು ಗ್ಯಾಸ್ ಸ್ಥಾವರ ಕಟ್ಟಬೇಕೋ, ಕರೆಂಟು ತುಂಬಿಡುವ ದೊಡ್ಡ ಬ್ಯಾಟರಿಗಳನ್ನು ತರಿಸಬೇಕೋ? ಟೊರಾಂಟೊದ ಒಂದು ಬ್ಯಾಟರಿಯನ್ನು ನೋಡಿ ಬಂದು ಒಂದೇ ಮಾತಿನಲ್ಲಿ ಹೇಳು ಎಂದು ಮೇಲಧಿಕಾರಿ ಹಮದ್ ನನ್ನನ್ನು ಕಳಿಸಿದ್ದರು.

ಉಳಿದುಕೊಂಡದ್ದು ಮಾರ್ಕಮ್‌ನಲ್ಲಿ, ದೊಡ್ಡಮ್ಮನ ಮಗಳು ವಸಂತಕ್ಕನ ಮನೆಯಲ್ಲಿ. ಬಿಸಿ ಗಂಜಿ, ಉಪ್ಪಿನಕಾಯಿ ಉಂಡು, ಸಂಜೆ ಬಟ್ಟೆಗಳನ್ನು ವಾಷಿಂಗ್ ಮೆಷಿನ್ನಿಗೆ ಹಾಕಲು ಹೋದರೆ ಅಕ್ಕ ಓಡಿ ಬಂದಳು.

"ಈಗ ಬೇಡ ಮಾರಾಯ್ತಿ! ಏಳು ಗಂಟೆ ಆಗ್ಲಿ. ಮತ್ತೆ ಕರೆಂಟು ಚೀಪು."

"ರಾತ್ರಿ ಚೀಪು ಎಂತಕ್ಕೆ?"

"ನಂಗೊತ್ತಿಲ್ಲ. ನೀನಲ್ವಾ ಕರೆಂಟ್ ಎಂಜಿನಿಯರ್?"

ಮರುದಿನ ಅಕ್ಕನ ಕಾರಿನಲ್ಲಿ ವುಡ್‌ಬ್ರಿಡ್ಜ್‌ಗೆ ಹೋದೆವು. ಕಾರ್ಖಾನೆಗಳ ನಡುವಿನ ಅಂಗಳದಲ್ಲಿ, ಹಿಮದ ಮೇಲೆ, ಲಾರಿಯಷ್ಟು ಉದ್ದದ ಕಂಟೇನರ್; ಬ್ಯಾಟರಿ ಅದರೊಳಗೆ. ಅದನ್ನು ತೋರಿಸಿದವರು ಬ್ಯಾಟರಿ ಮಾರುವ ಕಂಪನಿಯ ಎಂಜಿನಿಯರ್, ಮೈಸೂರಿನ ಪ್ರಸಾದ್. ಬಾಗಿಲು ತೆರೆದರೆ ಒಳಗೆ ಬೆಚ್ಚಗಿತ್ತು! ನಾನು ಕೈಗವಸು ಕಳಚಿದೆ.

"ಚಳಿ ಬ್ಯಾಟರಿಗೆ ಆಗಲ್ಲ ಮೇಡಂ. ಹೀಟರ್ ಹಾಕಿರ್ತೀವಿ."

"ನಮ್ಮಲ್ಲಿ ಬೇಸಿಗೆಗೆ ನಲವತ್ತೆಂಟು ಡಿಗ್ರಿ. ತಂಪು ಮಾಡ್ಲಿಕ್ಕೇ ಎಷ್ಟು ಕರೆಂಟು ಬೇಕು?"

ಅವರು ತಲೆ ಕೆರೆದುಕೊಂಡರು. "ಆ ಬಿಸಿಲಲ್ಲಿ ನಾವು ಟೆಸ್ಟ್ ಮಾಡಿಲ್ಲ."

ಇಲ್ಲಿಯ ಅಣುಸ್ಥಾವರಗಳನ್ನು ರಾತ್ರಿ ಸುಮ್ಮನೆ ನಿಲ್ಲಿಸಲಾಗುವುದಿಲ್ಲವಂತೆ. ಆಗ ಮಿಗುವ ಕರೆಂಟನ್ನು ತುಂಬಿಟ್ಟು ಹಗಲು ಬಳಸಬಹುದು. ಅಕ್ಕನ ಏಳು ಗಂಟೆಯ ಗುಟ್ಟು ಆಗ ತಿಳಿಯಿತು.

"ನಿಮ್ಮಲ್ಲಿ ರಾತ್ರಿ ಏನು ಮಿಗುತ್ತೆ?" ಪ್ರಸಾದ್ ಕೇಳಿದರು.

"ಏನೂ ಇಲ್ಲ. ಬೇಡದಾಗ ಗ್ಯಾಸ್ ಕಮ್ಮಿ ಉರಿಸ್ತೇವೆ."

"ಹಾಗಾದ್ರೆ ಉಳಿದ ಗ್ಯಾಸೇ ನಿಮ್ಮ ಸ್ಟೋರೇಜ್. ಬ್ಯಾಟರಿ ಯಾಕೆ?"

ಮಾರುವವರೇ ಹೀಗೆ ಕೇಳಿದರೆ ನಾನೇನು ಹೇಳಲಿ? ಗ್ಯಾಸ್ ಸಾಲದಾಗುತ್ತಿದೆ, ಸೋಲಾರ್ ಬರಲಿದೆ, ಸೂರ್ಯ ಮುಳುಗಿದ ಮೇಲೂ ಮನೆಮನೆಯ ಏಸಿ ಓಡುತ್ತದೆ ಎಂದೆ.

"ಹಾಗಾದ್ರೆ ಬೇಕು," ಎಂದರು. ಕಂಟೇನರಿನ ಬಾಗಿಲು ಮುಚ್ಚುತ್ತಾ, "ಸೋಲಾರ್ ಬಂದ್ಮೇಲೆ," ಎಂದು ಸೇರಿಸಿದರು.

ಬಂದಾಗ ಇದ್ದ ಒಂದು ಪ್ರಶ್ನೆ ಹೊರಡುವಾಗ ನಾಲ್ಕಾಗಿತ್ತು. ಮಾರನೆಯ ಬೆಳಿಗ್ಗೆ ಹಮದ್ ಫೋನ್ ಮಾಡಿದರು. "ಬ್ಯಾಟರಿ ಬೇಕೋ, ಬೇಡವೋ?"

"ಗೊತ್ತಾಗುತ್ತಿಲ್ಲ ಸರ್. ಒಂದನ್ನು ತರಿಸಿ, ಒಂದು ಬೇಸಿಗೆ ಮರುಭೂಮಿಯಲ್ಲಿಟ್ಟು ನೋಡೋಣ."

ಬೈಯುತ್ತಾರೆಂದುಕೊಂಡೆ. "ಸರಿ," ಎಂದರು. "ಆದರೆ ಆ ಬೇಸಿಗೆ ಅದರ ಪಕ್ಕದಲ್ಲಿ ಇರುವವಳು ನೀನೇ."

ಆ ಬೇಸಿಗೆ ರಜೆಗೆಂದು ಉಡುಪಿಗೆ ಟಿಕೆಟ್ ಕಾದಿರಿಸಿದ್ದೆ. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅಕ್ಕ ನನ್ನನ್ನು ತಬ್ಬಿಕೊಂಡು, "ಬಂದ ಕೆಲಸ ಆಯ್ತಾ?" ಎಂದು ಕೇಳಿದಳು.

"ಆಯ್ತೋ ಇಲ್ವೋ ಗೊತ್ತಿಲ್ಲಕ್ಕ," ಎಂದೆ. "ರಜೆ ಮಾತ್ರ ಹೋಯ್ತು."